‘ತೀರ್ಪುಗಾರರ ತೀರ್ಮಾನವೇ ಅಂತಿಮ’: ಸರಿ, ಆ ತೀರ್ಪುಗಾರರನ್ನ ಆರಿಸಿದ್ದು ಯಾರು?

ಊರಲ್ಲಿ ನಡೆಯುವ ಯಾವುದಾದರೂ ಪಂದ್ಯಾವಳಿಯ ಪೋಸ್ಟರ್ ತೆಗೆದು ನೋಡಿ. ಮೇಲೆ ಮುಖಂಡರ ಫೋಟೊ, ಪಕ್ಕದಲ್ಲಿ ಪ್ರಾಯೋಜಕರ ಸಾಲು, ನಡುವೆ ದಪ್ಪಕ್ಷರದಲ್ಲಿ ಬಹುಮಾನದ ಮೊತ್ತ. ತಳದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ತೀರ್ಪುಗಾರರ ತೀರ್ಮಾನವೇ ಅಂತಿಮ’. ಬಹುತೇಕ ಪಂದ್ಯಾವಳಿಗಳ ‘ಸಂವಿಧಾನ’ ಅಲ್ಲಿಗೆ ಮುಗೀತು.

ಬೇಲೂರು ತಾಲ್ಲೂಕಿನ ಬಿಕ್ಕೋಡಿನಂಥ ಹೋಬಳಿ ಕೇಂದ್ರದಲ್ಲಿ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ, ರಂಗೋಲಿ ಸ್ಪರ್ಧೆ ಅಂತ ನಡೆದರೆ ಅದನ್ನು ನಡೆಸೋರು ಸಾಮಾನ್ಯವಾಗಿ ಊರಿನವರೇ. ಯುವಕ ಸಂಘ, ಗೆಳೆಯರ ಬಳಗ, ಸ್ತ್ರೀಶಕ್ತಿ ಗುಂಪು, ಗಣಪತಿ ಸೇವಾ ಸಮಿತಿ. ಅಂದರೆ ಸದಸ್ಯರೇ ಸಂಘಟಕರು, ಸದಸ್ಯರೇ ಸ್ಪರ್ಧಿಗಳು, ಎಷ್ಟೋ ಸಲ ಸದಸ್ಯರೇ ತೀರ್ಪುಗಾರರು. ಇದರಲ್ಲಿ ತಪ್ಪೇನಿಲ್ಲ, ಊರಿನ ಹಬ್ಬ ನಡೆಯೋದೇ ಹಾಗೆ. ಆದರೆ ಮೂರೂ ಕೆಲಸ ಒಂದೇ ಗುಂಪಿನ ಕೈಯಲ್ಲಿದ್ದು, ನಿಯಮ ಬರೆದಿಡದೆ ಹೋದರೆ ಜಗಳದಲ್ಲಿ ಗೆಲ್ಲೋದು ದನಿ ದೊಡ್ಡದಿರೋರು. ತೋಟದ ಮಾಲೀಕರ ಮಗ "ಅದು ಔಟೇ ಅಲ್ಲ" ಅಂದರೆ ಪಂದ್ಯ ನಿಲ್ಲುತ್ತೆ. ಲೈನ್ ಮನೆಯ ಹುಡುಗ ಅದೇ ಮಾತು ಅಂದರೆ "ಸುಮ್ನೆ ಆಡೋ" ಅಂತಾರೆ. ಬರೆದಿಟ್ಟ ನಿಯಮ ಹೆಚ್ಚು ಬೇಕಿರೋದು ಈ ಎರಡನೆಯವನಿಗೆ.

ಹಾಗಾದರೆ ಏನೇನು ಬರೆದಿಡಬೇಕು? ಒಂದೊಂದಾಗಿ ನೋಡೋಣ.

ಸ್ಥಳೀಯ ಅಂದ್ರೆ ಯಾರು?

ಮೊದಲ ಜಗಳ ಆಟಗಾರರ ಪಟ್ಟಿಯದ್ದು. ‘ಸ್ಥಳೀಯರಿಗೆ ಮಾತ್ರ’ ಅಂತ ಪೋಸ್ಟರ್‌ನಲ್ಲಿ ಹಾಕಿರ್ತಾರೆ, ಸೆಮಿಫೈನಲ್ ದಿನ ಹಾಸನದಿಂದಲೋ ಚಿಕ್ಕಮಗಳೂರಿನಿಂದಲೋ ಬಾಡಿಗೆ ಆಟಗಾರ ಬಂದು ಇಳೀತಾನೆ. ಇದನ್ನ ತಡೆಯೋಕೆ ಮತದಾರರ ಪಟ್ಟಿಯನ್ನೇ ಸಾಕ್ಷಿ ಮಾಡೋಣ ಅಂತ ಅನ್ನಿಸಬಹುದು. ಕೇಳೋಕೆ ಸರಳ. ಆದರೆ ಕಾಫಿ ಸೀಮೆಯಲ್ಲಿ ಆ ಒಂದು ಸಾಲು ದೊಡ್ಡ ಜನಸಮೂಹವನ್ನೇ ಹೊರಗಿಡುತ್ತೆ. ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಬಂದು ತೋಟಗಳಲ್ಲಿ ದುಡಿಯುವ ಎಷ್ಟೋ ಜನರ ಮತ ಅವರವರ ಊರಲ್ಲೇ ಇರುತ್ತೆ. ಕಾಫಿ ಕುಯ್ಯೋಕೆ ನಮ್ಮವರು, ಕಬಡ್ಡಿ ಆಡೋಕೆ ಹೊರಗಿನವರಾ?

‘ಪಂದ್ಯಾವಳಿಗೆ ಆರು ತಿಂಗಳ ಮೊದಲಿಂದ ಈ ಹೋಬಳಿಯಲ್ಲಿ ವಾಸ ಇರುವವರು ಅಥವಾ ಇಲ್ಲಿ ಓದುತ್ತಿರುವವರು’ ಅಂತ ಬರೆದರೆ ಬಾಡಿಗೆ ಆಟಗಾರನೂ ಹೊರಗೆ ಉಳೀತಾನೆ, ಲೈನ್ ಮನೆಯವನಿಗೂ ಜಾಗ ಸಿಗುತ್ತೆ. ಪಟ್ಟಿಯನ್ನ ಮೂರು ದಿನ ಮೊದಲೇ ಎಲ್ಲ ತಂಡಗಳಿಗೂ ಕಳಿಸಬೇಕು. ಆಕ್ಷೇಪ ಇದ್ದವರು ಆಗಲೇ ಹೇಳಲಿ, ಸೋತ ಮೇಲಲ್ಲ.

ಪಕ್ಕದ ಕೊಡಗಿನ ಕೌಟುಂಬಿಕ ಹಾಕಿ ನೋಡಿ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದಾಗ ಇದ್ದದ್ದು 60 ಕುಟುಂಬಗಳ ತಂಡ. 2024ರಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಯಾರು ಆಡಬಹುದು ಅನ್ನೋದು ಒಂದೇ ಸಾಲಿನಲ್ಲಿ ಸ್ಪಷ್ಟ: ತಂಡದವರೆಲ್ಲ ಒಂದೇ ಮನೆತನದವರಾಗಿರಬೇಕು. ಇನ್ನೊಂದು ಕಲಿಯುವ ಅಂಶ, ಪ್ರತಿವರ್ಷ ಆತಿಥ್ಯ ಬೇರೆ ಕುಟುಂಬದ್ದು, ಕಪ್ಪಿಗೂ ಆ ಕುಟುಂಬದ್ದೇ ಹೆಸರು. ಹಾಗಾಗಿ ಯಜಮಾನಿಕೆ ಒಂದೇ ಮನೆಯಲ್ಲಿ ಕೂರಲ್ಲ.

ಆದರೆ ಅದು ಒಂದು ಸಮುದಾಯ ತನ್ನೊಳಗೆ ನಡೆಸಿಕೊಳ್ಳುವ ಕೂಟ. ಊರಿನ ಹೆಸರಲ್ಲಿ ಚಂದಾ ಎತ್ತಿ, ಸರ್ಕಾರಿ ಶಾಲೆ ಮೈದಾನದಲ್ಲಿ ನಡೆಸುವ ಪಂದ್ಯಾವಳಿಯನ್ನ ಅದಕ್ಕೆ ಹೋಲಿಸೋಕಾಗಲ್ಲ. ಸರ್ಕಾರದ ಹಣದಲ್ಲಿ ನಡೆಯುವ ಸಾರ್ವಜನಿಕ ಜಾಗಗಳಿಗೆ ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಸಂವಿಧಾನದ 15(2)ನೇ ವಿಧಿಯೇ ಹೇಳುತ್ತೆ. ಕಾಲೋನಿಯ ತಂಡವನ್ನ ‘ಕರೆಯೋಕೆ ಮರೆತು ಹೋಯ್ತು’ ಅನ್ನೋದಕ್ಕೆ ಅವಕಾಶವೇ ಇರಬಾರದು. ‘ಆಹ್ವಾನಿತ ತಂಡಗಳು’ ಅನ್ನೋ ಪದ ತೆಗೆದು ‘ಹೆಸರು ನೋಂದಾಯಿಸಿದ ಎಲ್ಲ ತಂಡಗಳು’ ಅಂತ ಹಾಕಿದರೆ ಅರ್ಧ ಸಮಸ್ಯೆ ಮುಗೀತು.

ಗೆದ್ದಿದ್ದು ಎಲ್ಲರಿಗೂ ಕಾಣಬೇಕು

ಕರಾವಳಿಯ ಕಂಬಳದಲ್ಲಿ ಕನೆಹಲಗೆ ಅಂತ ಒಂದು ವಿಭಾಗ ಇದೆ. ಕೋಣಗಳು ಓಡುವಾಗ ಹಲಗೆಯಿಂದ ಚಿಮ್ಮುವ ನೀರು, ಆರೂವರೆ ಕೋಲು ಅಥವಾ ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು. ತಾಗಿತಾ ಇಲ್ವಾ ಅಂತ ಗದ್ದೆಯ ಬದುವಿನಲ್ಲಿ ನಿಂತವರಿಗೂ ಕಾಣುತ್ತೆ. ತೀರ್ಪುಗಾರರು ಸುಳ್ಳು ಹೇಳೋದು ಕಷ್ಟ.

ಎಲ್ಲ ಸ್ಪರ್ಧೆಯನ್ನೂ ಹೀಗೆ ಅಳೆಯೋಕಾಗಲ್ಲ, ನಿಜ. ರಂಗೋಲಿ, ಭಾಷಣ, ನೃತ್ಯದಲ್ಲಿ ಅಭಿಪ್ರಾಯ ಇದ್ದೇ ಇರುತ್ತೆ. ಅಲ್ಲಿ ಅಂಕವನ್ನ ಬಿಡಿಸಿ ಮೊದಲೇ ಹೇಳಬಹುದು: ವಿನ್ಯಾಸಕ್ಕೆ 10, ಬಣ್ಣಕ್ಕೆ 10, ಅಚ್ಚುಕಟ್ಟಿಗೆ 10. ಮೂವರು ತೀರ್ಪುಗಾರರಿರಲಿ, ಒಬ್ಬರಾದರೂ ಬೇರೆ ಊರಿನವರಿರಲಿ. ಮನೆಯವರು ಸ್ಪರ್ಧೆಯಲ್ಲಿದ್ದರೆ ಆ ತೀರ್ಪುಗಾರರು ಎದ್ದು ಹೋಗಬೇಕು. ಅಂಕಪಟ್ಟಿಯನ್ನ ಫಲಿತಾಂಶದ ಜೊತೆಗೇ ಗೋಡೆಗೆ ಅಂಟಿಸಿ.

ಸಂಘಟಕರ ತಂಡ ಆಡಬಾರದಾ? ಆಡಲಿ. ಆದರೆ ಡ್ರಾ ಎತ್ತೋದು, ಅಂಪೈರ್ ಆರಿಸೋದು, ದೂರು ಕೇಳೋದು ಅವರ ಕೈಲಿರಬಾರದು. ಮೈದಾನದ ಔಟ್, ನಾಟೌಟಿಗೆ ಅಂಪೈರ್ ಮಾತೇ ಕೊನೆ. ಆಟಗಾರರ ಅರ್ಹತೆ, ನಿಯಮ ಉಲ್ಲಂಘನೆಯಂಥ ದೂರಿಗೆ ಮಾತ್ರ ಮೂವರ ಸಮಿತಿ, ಅರ್ಧ ಗಂಟೆಯ ಗಡುವು. ‘ಅಂತಿಮ’ ಅನ್ನೋ ಪದಕ್ಕೆ ಆಗ ಒಂದು ಅರ್ಥ ಬರುತ್ತೆ.

ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು?

ಪ್ರವೇಶ ಶುಲ್ಕ ತಗೊಂಡು ಬಹುಮಾನ ಕೊಡೋದು ಜೂಜಾ? ಈ ಪ್ರಶ್ನೆ ಹಳೆಯದು. ಬೆಂಗಳೂರಿನಿಂದ ಹೊರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಪದಬಂಧ ಸ್ಪರ್ಧೆಗಳ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಚಮರ್‌ಬಾಗ್‌ವಾಲಾ ಪ್ರಕರಣಗಳು ಅಂತಲೇ ಅವು ಪ್ರಸಿದ್ಧ. ಗೆಲುವು ಗಣನೀಯ ಮಟ್ಟಿಗೆ ಕೌಶಲದ ಮೇಲೆ ನಿಂತಿದ್ದರೆ ಅದು ಜೂಜಲ್ಲ ಅಂತ 1957ರಲ್ಲಿ ಕೋರ್ಟ್ ಹೇಳಿತು. ಕಬಡ್ಡಿ, ವಾಲಿಬಾಲ್ ಇದರೊಳಗೆ ಬರುತ್ತವೆ. ಲಕ್ಕಿ ಡ್ರಾ ಬರಲ್ಲ. ಮೊಬೈಲಿನಲ್ಲಿ ದುಡ್ಡು ಕಟ್ಟಿಸಿಕೊಂಡು ಆಡಿಸುವ ಆನ್‌ಲೈನ್ ಆಟದ ಕಥೆ ಬೇರೆ: 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣದಾಟಕ್ಕೆ ‘ಇದು ಕೌಶಲದ ಆಟ’ ಅನ್ನೋ ರಿಯಾಯಿತಿ ಇಲ್ಲ.

ಕಾನೂನು ಒಪ್ಪಿದರೂ ಲೆಕ್ಕ ಬೇಕು. ಎಷ್ಟು ತಂಡ ಬಂದರೆ ಎಷ್ಟು ಬಹುಮಾನ, ಮಳೆ ಬಂದು ನಿಂತರೆ ಶುಲ್ಕ ವಾಪಸ್ಸಾ, ಗಾಯವಾದರೆ ಆಸ್ಪತ್ರೆ ಖರ್ಚು ಯಾರದ್ದು ಅಂತ ಮೊದಲೇ ಬರೆಯಿರಿ. ಮುಗಿದ ವಾರದೊಳಗೆ ಜಮಾ-ಖರ್ಚು ವಾಟ್ಸಾಪ್ ಗುಂಪಿಗೆ ಹಾಕಿ. ಪ್ರಾಯೋಜಕರ ಹೆಸರು ಟ್ರೋಫಿಯ ಮೇಲಿರಲಿ, ತೀರ್ಪುಗಾರರ ಮೇಜಿನ ಹತ್ತಿರ ಅವರ ಕುರ್ಚಿ ಬೇಡ. ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರ ಬಂದಾಗ ದಿಢೀರಂತ ಕ್ರೀಡಾಪ್ರೇಮಿಗಳಾಗುವವರ ಬಗ್ಗೆ ಇನ್ನೂ ಹುಷಾರು. ಸ್ಪರ್ಧಿಸುವ ಆಸೆ ಇರುವವರಿಂದ ನಗದು ಬೇಡ ಅಂತ ಸಂಘ ಒಂದು ಸಾಲು ಬರೆದುಕೊಂಡರೆ ಆಮೇಲೆ ಯಾರ ಮುಲಾಜಿಗೂ ಬೀಳಬೇಕಿಲ್ಲ.

ಆನೆ ಓಡಾಡೋ ಸೀಮೆಯಲ್ಲಿ ಹೊನಲು ಬೆಳಕು

ಬೇರೆ ಊರಿನ ನಿಯಮಾವಳಿಯನ್ನ ಹಾಗೇ ನಕಲು ಮಾಡೋಕಾಗಲ್ಲ ಅನ್ನೋದಕ್ಕೆ ಬಿಕ್ಕೋಡೇ ಉದಾಹರಣೆ. ಸುತ್ತಲಿನ ತೋಟಗಳಲ್ಲಿ ಕಾಡಾನೆ ಹಿಂಡುಗಳು ಓಡಾಡುತ್ತವೆ, ಆನೆ ದಾಳಿಗೆ ಜನ ಜೀವ ಕಳಕೊಂಡಿದ್ದಾರೆ. ಹೊನಲು ಬೆಳಕಿನ ಫೈನಲ್ ಮಧ್ಯರಾತ್ರಿ ಮುಗಿದರೆ ಕಾರಿದ್ದವರು ಮನೆ ಸೇರ್ತಾರೆ. ತೋಟದ ದಾರಿಯಲ್ಲಿ ನಡೆದು ಹೋಗಬೇಕಾದವರ ಗತಿ? ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅನ್ನೋದು 2000ದ ಶಬ್ದಮಾಲಿನ್ಯ ನಿಯಮ. ಇಲ್ಲಿ ಅದಕ್ಕೂ ಮೊದಲೇ, ಕತ್ತಲಾಗುವ ಹೊತ್ತಿಗೆ ಕೊನೆಯ ಪಂದ್ಯ ಮುಗಿಯಬೇಕು ಅಂತ ಬರೆಯೋದು ಕ್ಷೇಮ. ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ, ಅವತ್ತು ಆನೆ ಎಲ್ಲಿದೆ ಅಂತ ಕೇಳಿಕೊಳ್ಳಿ. ಹೊತ್ತು ಮುಂಚೆ ಮುಗಿದರೆ ಹೆಣ್ಣುಮಕ್ಕಳ ತಂಡಗಳೂ ಹೆಚ್ಚು ಬರಬಹುದು.

ಇಷ್ಟು ಮಾಡಿ

ಎರಡು ಪುಟ ಸಾಕು. ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಆಡೋರನ್ನೂ ಕೂರಿಸಿಕೊಂಡು ತಿದ್ದಿ, ನೋಂದಣಿ ಶುರುವಾಗುವ ಮೊದಲು ಎಲ್ಲರಿಗೂ ಕೊಡಿ. ಡ್ರಾ ಎತ್ತಿದ ಮೇಲೆ ಒಂದು ಅಕ್ಷರವೂ ಬದಲಾಗಬಾರದು, ಎಷ್ಟೇ ದೊಡ್ಡವರು ಹೇಳಲಿ. ಲೋಪ ಕಂಡರೆ ಬರೆದಿಟ್ಟುಕೊಂಡು ಮುಂದಿನ ವರ್ಷ ಸರಿ ಮಾಡಿ.

ವಿಧಾನಸೌಧದಲ್ಲಿ ಪಾರದರ್ಶಕತೆ ಬೇಕು ಅಂತ ಪೋಸ್ಟ್ ಹಾಕುವ ನಾವು, ನಮ್ಮದೇ ಸಂಘದ ಜಮಾ-ಖರ್ಚನ್ನ ಗೋಡೆಗೆ ಅಂಟಿಸೋಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ.