ವಚನಕ್ಕೊದಗಿದ ರಾಗ

ಛಂದಸ್ಸನ್ನೋದಿ ಬೆಳೆದ ನಾವು, ಮಾತ್ರಾಗಣಗಳ ಕಟ್ಟಿಲ್ಲದ ವಚನವನ್ನು ತಾಳಕ್ಕೆ ಹೊಂದಿಸಿದರೆ ಅದರ ಅರ್ಥವು ಕೆಡುವುದೆಂದೇ ಬಹುಕಾಲ ನಂಬಿದ್ದೆವು. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿ 1992ರಲ್ಲಿ ದಿವಂಗತರಾದ ಪಂಡಿತ ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಯೊಂದು ನಮ್ಮ ಹಠವನ್ನು ಬಿಡಿಸಿತು. ಜಯಪುರ-ಅತ್ರೌಲಿ ಘರಾಣೆಯ ಮಂಜೀಖಾನ್, ಬುರ್ಜೀಖಾನರಿಂದ ಪಡೆದ ಖಯಾಲಿನ ವಿದ್ಯೆಯನ್ನು ಅವರು ಹನ್ನೆರಡನೆಯ ಶತಮಾನದ ಶರಣರ ನುಡಿಗೂ ಒದಗಿಸಿದರು.

ಅಕ್ಕಮಹಾದೇವಿಯು ತನ್ನ ಕನಸನ್ನು ಹೇಳುವ ವಚನವನ್ನೇ ನೋಡಿರಿ. ಅಕ್ಕನನ್ನು ಕರೆಯುವ ಮೊದಲ ಮಾತಿಗೆ ಅವರು ಮತ್ತೆ ಮತ್ತೆ ಮರಳುತ್ತಾರೆ. ಓದುವಾಗ ಕಣ್ಣು ದಾಟಿಹೋಗುವ ಆ ಕರೆಯಲ್ಲಿ ಒಮ್ಮೆ ಬೆರಗು, ಒಮ್ಮೆ ಲಜ್ಜೆ, ಒಮ್ಮೆ ಆತುರ. ಚಿಕ್ಕ ನುಡಿಯನ್ನು ಸ್ವರವೆಳೆದೂ ದೊಡ್ಡದನ್ನು ಒತ್ತಾಗಿ ನುಡಿದೂ ಆವರ್ತನಕ್ಕೆ ಕೂಡಿಸಿದರೂ ಪದವು ಒಡೆಯದು. ಶರಣರ ಕಲ್ಯಾಣವು ನಮ್ಮ ಬೀದರ ಸೀಮೆಯಲ್ಲೇ ಇದ್ದರೂ, ಈ ಪಾಠವನ್ನು ನಾವು ಧಾರವಾಡದವರಿಂದ ಕಲಿಯಬೇಕಾಯಿತು!

ಕಮಠಾಣದ ನಮ್ಮ ಮನೆಯಲ್ಲಿ ಮೊಮ್ಮಕ್ಕಳು ಆ ವಚನವನ್ನೋದುವಾಗ, ಈಗ ಆ ಕರೆಯ ಬಳಿ ತಾವಾಗಿಯೇ ತಡೆಯುತ್ತಾರೆ.