ಪೊಟ್ಟಣದ ಮೇಲಿನ ‘ಸಾವಯವ’ ಏನು ಹೇಳುತ್ತದೆ?

“ತಾತ, ‘ನೈಸರ್ಗಿಕ’ ಅಂದರೆ ಸಾವಯವವೇ?” ರಾಗಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಮೊಮ್ಮಗಳು ಕೇಳಿದಳು. ಅಲ್ಲ, ಎರಡೂ ಬೇರೆ ಬೇರೆ.

ಪೊಟ್ಟಣದ ಮೇಲೆ ‘ಸಾವಯವ’ ಎಂದು ಬರೆದು ಮಾರಲು, ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮದಂತೆ, ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ದಾರಿ. ಒಂದು, ಮಾನ್ಯತೆ ಪಡೆದ ಸಂಸ್ಥೆಯವರು ಬಂದು ಹೊಲ, ಲೆಕ್ಕಪತ್ರ ಪರೀಕ್ಷಿಸುವುದು. ಇನ್ನೊಂದರಲ್ಲಿ ಅಕ್ಕಪಕ್ಕದ ರೈತರೇ ಗುಂಪು ಕಟ್ಟಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡುತ್ತಾರೆ. ಮಕ್ಕಳೇ, ನೀವು ತರಗತಿಯಲ್ಲಿ ನೋಟ್‌ಬುಕ್ ಬದಲಾಯಿಸಿ ತಿದ್ದುತ್ತೀರಲ್ಲ, ಹಾಗೆ!

ರಾಸಾಯನಿಕ ಗೊಬ್ಬರ ನಿಲ್ಲಿಸಿದ ಮರುದಿನವೇ ಹೊಲ ಸಾವಯವ ಆಗಿಬಿಡುವುದಿಲ್ಲ. ಸಾಮಾನ್ಯವಾಗಿ ರಾಗಿಯಂಥ ಬೆಳೆಗೆ 2 ವರ್ಷ, ಮಾವು, ತೆಂಗಿಗೆ 3 ವರ್ಷ ಕಾಯಬೇಕು. ಹುಳಕ್ಕೆ ಔಷಧವೇ ಇಲ್ಲವೆಂದೂ ಅಲ್ಲ. ಬೇವಿನ ಕಷಾಯದಂಥವನ್ನು ಬಳಸಬಹುದು. ಬೆಲೆ ಹೆಚ್ಚಾಗುವುದರಲ್ಲಿ ಈ ಕಾಯುವಿಕೆಯ, ತಪಾಸಣೆಯ ಪಾಲೂ ಇದೆ.

ಇಷ್ಟಾದರೂ ಆ ಮುದ್ರೆ ಹೇಳುವುದು ಬೆಳೆದ ಬಗೆಯನ್ನು ಮಾತ್ರ. ಸಕ್ಕರೆ ಕಾಯಿಲೆಯ ನನ್ನ ಗೆಳೆಯರೊಬ್ಬರು ‘ಸಾವಯವ ಬೆಲ್ಲ ತಾನೆ’ ಎಂದು ಕಾಫಿಗೆ ಎರಡು ಚಮಚ ಸುರಿದುಕೊಳ್ಳುತ್ತಾರೆ. ಬೆಲ್ಲ ಬೆಲ್ಲವೇ ಸ್ವಾಮಿ! ರಕ್ತದಲ್ಲಿ ಸಕ್ಕರೆ ಏರಿಸಲು ಅದಕ್ಕೆ ಯಾವ ಮುದ್ರೆಯ ಹಂಗೂ ಇಲ್ಲ. ಬಿಸ್ಕತ್ತಿಗೂ ಅಷ್ಟೇ, ಹಿಂಬದಿಯ ಪಟ್ಟಿಯಲ್ಲಿ ಸಕ್ಕರೆ, ಉಪ್ಪು, ಎಣ್ಣೆ ಎಷ್ಟಿದೆ ಎಂದು ನೋಡಲೇಬೇಕು.

ಸಂತೆಯ ಮಾತು ಬೇರೆ. ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ಬೆಳೆಗಾರರು ನೇರವಾಗಿ ನಮಗೆ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಓದಲು ಚೀಟಿ ಇಲ್ಲದ ಕಡೆ ನಾನು ಬಾಯಿಬಿಟ್ಟು ಕೇಳುತ್ತೇನೆ: ಯಾವ ಗೊಬ್ಬರ ಹಾಕಿದಿರಿ, ಹುಳ ಬಿದ್ದಾಗ ಏನು ಮಾಡಿದಿರಿ? ನಿಜವಾಗಿ ಹಾಗೆ ಬೆಳೆದವರಾದರೆ ಅರ್ಧ ಗಂಟೆ ನಮ್ಮನ್ನು ಬಿಡುವುದಿಲ್ಲ.