ಕಾಡಿನವರ ಅರಿವೂ ವಿಜ್ಞಾನಿಯ ಲೆಕ್ಕವೂ

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ನೆಯ ಇಸವಿಯಲ್ಲಿ ಕೊಂಡುಕುರಿಯ ವನ್ಯಧಾಮವೆಂದು ಘೋಷಿಸಲ್ಪಟ್ಟಿತು. ಅದರ ವಿಸ್ತೀರ್ಣವು ಸುಮಾರು 77 ಚದರ ಕಿಲೋಮೀಟರು. ಗಂಡಿಗೆ ನಾಲ್ಕು ಕೊಂಬುಗಳುಳ್ಳ ಈ ಮೃಗವು ಹಿಂಡುಗಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಸಂಚರಿಸುವುದು. ನೀರಿನ ನೆಲೆಯಿಂದ ಬಹುದೂರ ಹೋಗದು. ಇಂತಹ ಕಾಡಿನ ಅಂಚಿನಲ್ಲಿ ಹೊಲವುಳ್ಳವರು ಆಲೋಚಿಸತಕ್ಕ ಪ್ರಶ್ನೆಯೊಂದುಂಟು. ಕಾಡನ್ನು ಕಾಯುವುದಕ್ಕೆ ಸರ್ಕಾರದ ಕಾವಲೊಂದೇ ಸಾಕೇ, ಅಲ್ಲಿಯ ಜನರ ಅರಿವೂ ಬೇಕೇ?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಅರಸಿದವರಲ್ಲಿ ಡಾಕ್ಟರ್ ಸಿದ್ದಪ್ಪ ಶೆಟ್ಟಿಯವರು ಒಬ್ಬರು. 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಏಟ್ರೀ ಎಂಬ ಸಂಶೋಧನ ಸಂಸ್ಥೆಯ ವಿಜ್ಞಾನಿಗಳಾಗಿ ಇವರು ಬಹುಕಾಲ ಸೋಲಿಗರೊಡನೆ ದುಡಿದರು. ಸೋಲಿಗರಿಗೆ ನೆಲ್ಲಿಕಾಯಿ, ಜೇನು ಮುಂತಾದ ಕಾಡಿನ ಉತ್ಪನ್ನಗಳು ಜೀವನಾಧಾರ. ಎಷ್ಟು ಕಾಯಿ ಕೊಯ್ದರೆ ಮರಕ್ಕೂ ಮೃಗಕ್ಕೂ ಕೊರತೆಯಾಗದೆಂಬುದನ್ನು ತಿಳಿಯಲು ಇವರು ಹಿಡಿದ ಕ್ರಮವು ಸರಳವಾದುದು. ಕೊಯ್ಲಿಗೆ ಮುಂಚೆ ಸೋಲಿಗರೂ ಸಂಶೋಧಕರೂ ಕೂಡಿ ಫಸಲನ್ನು ಅಂದಾಜು ಮಾಡುವರು; ಬಳಿಕ ಕೊಯ್ದುದರ ಲೆಕ್ಕವನ್ನಿಟ್ಟು, ಎಳೆಯ ಗಿಡಗಳು ಹುಟ್ಟುತ್ತಿವೆಯೇ ಎಂದು ನೋಡುವರು. ನೆಲ್ಲಿಮರವನ್ನು ಹೀರುವ ಬಂದಳಿಕೆಯ ವಿಷಯದಲ್ಲಿಯೂ ಸೋಲಿಗರ ಮಾತನ್ನು ವಿಜ್ಞಾನಿಗಳು ಗಮನಕ್ಕೆ ತಂದುಕೊಂಡರು. ಬೇಸಗೆಯ ಮೊದಲಲ್ಲಿ ಹಾಕುತ್ತಿದ್ದ ಲಘುವಾದ ತರಗುಬೆಂಕಿ ನಿಂತಮೇಲೆ ಬಂದಳಿಕೆಯೂ ಲಂಟಾನವೂ ಹೆಚ್ಚಿದವೆಂಬುದು ಅವರ ಹಿರಿಯರ ಅಭಿಪ್ರಾಯ.

ಆದರೆ ಅರಿವಿದ್ದ ಮಾತ್ರಕ್ಕೆ ಅಧಿಕಾರವು ಬರಲಿಲ್ಲ. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಪರಿಣಾಮವಾಗಿ ಅಭಯಾರಣ್ಯಗಳಲ್ಲಿ ಮಾರಾಟಕ್ಕಾಗಿ ಉತ್ಪನ್ನ ಸಂಗ್ರಹಿಸುವುದು ನಿಂತು, ಅನೇಕ ಕುಟುಂಬಗಳು ಕೂಲಿಯನ್ನು ಅರಸಿ ಹೊರಟವು. ಈ ಸಂಕಟದಲ್ಲಿ ಸೋಲಿಗರೂ ಏಟ್ರೀ ಸಂಸ್ಥೆಯವರೂ ಕಾಡಿನಲ್ಲಿ ನಡೆದು, ದೇವರ ನೆಲೆಗಳನ್ನೂ ಪೂರ್ವಿಕರ ತಾಣಗಳನ್ನೂ ಗುರುತಿಸಿ ನಕ್ಷೆಯನ್ನು ಸಿದ್ಧಪಡಿಸಿದರು. ಸೋಲಿಗರಲ್ಲೇ ಜನಿಸಿ ಡಾಕ್ಟರೇಟ್ ಪದವಿಯನ್ನು ಪಡೆದ ಸಿ. ಮಾದೇಗೌಡರು ಈ ಕಾರ್ಯದಲ್ಲಿ ಮುಂದಾಳುಗಳಾಗಿದ್ದರು. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಅವರ ಸಮುದಾಯದ ಹಕ್ಕುಗಳು ಮನ್ನಿಸಲ್ಪಟ್ಟವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹುಲಿಯ ಕಾಡೊಂದರಲ್ಲಿ ಇಂತಹ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲು.

ಇದು ನಮ್ಮ ನಾಡಿಗೇ ಮೀಸಲಾದ ಸಂಗತಿಯಲ್ಲ. ಆಸ್ಟ್ರೇಲಿಯದ ಉತ್ತರ ಭಾಗದಲ್ಲಿರುವ ಆರ್ನ್‌ಹೆಮ್ ಸೀಮೆಯಲ್ಲಿ ಮೂಲನಿವಾಸಿಗಳು ಮಳೆಯಿಲ್ಲದ ಒಣಗಾಲದ ಆರಂಭದಲ್ಲಿಯೇ ತೆಳುವಾದ ಬೆಂಕಿಯನ್ನು ಹಾಕಿ, ಮುಂದೆ ಬರುವ ಕಾಳ್ಗಿಚ್ಚನ್ನು ತಗ್ಗಿಸುವರು. ವಿಜ್ಞಾನಿಗಳು ಅವರ ಜತೆಗೂಡಿ ಅದರ ಫಲವನ್ನು ಅಳೆಯುವರು. ಆದರೆ ಇದನ್ನು ಓದಿ ಯಾರೂ ಸ್ವಂತ ಬುದ್ಧಿಯಿಂದ ಕಾಡಿಗೆ ಬೆಂಕಿಯನ್ನಿಡಕೂಡದು. ಅದು ಶಿಕ್ಷಾರ್ಹವಾದ ಅಪರಾಧ. ಹೊತ್ತು ತಪ್ಪಿದ ಬೆಂಕಿಯಿಂದ ಮೇವೂ ಮರವೂ ನಾಶವಾಗುವುವು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಗ್ರಾಮದ ಯಜಮಾನರು ಇದರಿಂದ ಗ್ರಹಿಸತಕ್ಕ ಅಂಶವಿಷ್ಟೆ. ಯಾವ ಹೊಂಡದಲ್ಲಿ ಬೇಸಗೆಯಲ್ಲೂ ನೀರು ನಿಲ್ಲುವುದು, ಮೃಗಗಳು ಯಾವ ದಾರಿಯಲ್ಲಿ ನೀರಿಗೆ ಬರುವುವು ಎಂಬುದನ್ನು ಕುರಿಗಾಹಿಗಳು ಬಲ್ಲರು. ಸೂಳೆಕೆರೆಯ ನೀರಿನ ಏರಿಳಿತವನ್ನು ನೀರಗಂಟಿಗಳೂ, ತುಂಗಭದ್ರೆಯ ಮಡುಗಳನ್ನು ಬೆಸ್ತರೂ ಬಲ್ಲರು. ಇವರನ್ನು ಕರೆದು ಕೇಳಿ, ಹೇಳಿದುದನ್ನು ವರ್ಷವರ್ಷವೂ ಪುಸ್ತಕದಲ್ಲಿ ಬರೆದಿಟ್ಟು, ಅರಣ್ಯದ ಅಧಿಕಾರಿಗಳಿಗೆ ಒಪ್ಪಿಸತಕ್ಕದ್ದು. ಸಾಕಿದ ನಾಯಿಗಳನ್ನು ಕಾಡಿಗೆ ಬಿಡದಿರುವುದೂ, ಹೊಲದ ಬದುವಿನಲ್ಲಿ ಲಂಟಾನವು ಹೂಬಿಡುವ ಮೊದಲೇ ಬೇರುಸಹಿತ ಕೀಳಿಸುವುದೂ ಹೆಚ್ಚು ವೆಚ್ಚದ ಕಾರ್ಯಗಳಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಇದೇ ಲಂಟಾನದ ಕಡ್ಡಿಯಿಂದ ಕುರ್ಚಿ ಬುಟ್ಟಿಗಳನ್ನು ಹೆಣೆಯಲು ಅಲ್ಲಿಯ ಜನರು ಕಲಿತರು.

ಬರೆದಿಡದ ಅರಿವು ಹಿರಿಯರೊಡನೆಯೇ ಮರೆಯಾಗುವುದು. ಕೇಳುವವರು ಇಂದೇ ಕೇಳಬೇಕು.